ಜೊರಾಲಿನಳ ಗೌನಿಗೆ ಫಿನಾಳ ಭುಜ

ಗೋಡೆಯಾಚೆ ಹೊಲಿಗೆ ಯಂತ್ರ ಬೆಳಗಿನಿಂದ ಕಟಕಟ ಎನ್ನುತ್ತಲೇ ಇತ್ತು. ಊರಿಗೆಲ್ಲ ನಾಯ್, ಅಂದರೆ ಅಮ್ಮ, ಎನಿಸಿಕೊಂಡ ಹೊಲಿಗೆಯ ಪಾಸಿಂಗಳದು ಕಾಲಲ್ಲಿ ತುಳಿಯುವ ಹಳೆಯ ಯಂತ್ರ. ಉದ್ದ ಹೊಲಿಗೆ ಬಂದಾಗ ತಗಡಿನ ಮೇಲೆ ಮಳೆ ಓಡಿದ ಹಾಗೆ ಸದ್ದು ಮಾಡುತ್ತಿತ್ತು, ತೋಳು ಕೂಡಿಸುವಾಗ ಯಾರೋ ಹಲ್ಲು ಕಡಿದ ಹಾಗೆ. ಗೋಡೆಯ ಈಚೆ ತನ್ನ ಪಾರ್ಲರಿನಲ್ಲಿ, ಗಿರಾಕಿಯಿಲ್ಲದ ಮಧ್ಯಾಹ್ನ, ಆಗಲೇ ಗುಡಿಸಿದ್ದ ನೆಲವನ್ನು ಮತ್ತೆ ಗುಡಿಸುತ್ತ ಫಿನಾ ಆ ಸದ್ದಿಗೇ ಕಿವಿ ಕೊಟ್ಟಿದ್ದಳು. ಇವತ್ತೊಂದು ದಿನ ಅದು ನಿಲ್ಲದಿರಲಿ ಎಂದು ಅವಳ ಆಸೆ. ನಿಂತರೆ ಪಾಸಿಂಗ್ ಕೂಗುತ್ತಾಳೆ. ಕೂಗಿದರೆ ಹೋಗಬೇಕು. ಹೋದರೆ ಆ ಗೌನು ತೊಡಬೇಕು.

ಯಂತ್ರ ನಿಂತಿತು.

"ಇಂದಾಯ್ ಫಿನಾ! ಬಾರೇ ಹುಡುಗಿ! ಕೈ ತೊಳ್ಕೊಂಡು ಬಾ! ಕೂದಲಿನ ಬಣ್ಣ ಮೆತ್ಕೊಂಡು ಬಂದ್ರೆ ಬೆರಳೇ ಕತ್ತರಿಸ್ತೀನಿ ನೋಡು!"

ವಿಷಯ ಇಷ್ಟೇ. ಮೀನು ಮಾರುವ ಲೆತಿಂಗಳ ಮಗಳು ಜೊರಾಲಿನಳ ಮದುವೆ ಬರುವ ಶನಿವಾರ. ವಧುವಾದವಳು ಮದುವೆಯ ದಿನಕ್ಕೆ ಮುಂಚೆ ಗೌನು ತೊಟ್ಟು ನೋಡಿದರೆ ಆ ಮದುವೆ ನಡೆಯುವುದಿಲ್ಲ, ತೊಟ್ಟವಳನ್ನು ವರ ನೋಡಿದರಂತೂ ಕೇಳುವುದೇ ಬೇಡ ಎಂದು ಆ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಕೆಲವರು ನಕ್ಕು, ಬಾಗಿಲು ಹಾಕಿಕೊಂಡು ತೊಟ್ಟೇ ನೋಡುತ್ತಾರೆ. ಲೆತಿಂಗಳ ಮನೆಯಲ್ಲಿ ಮಾತ್ರ ಅದು ನಗುವ ವಿಷಯವಲ್ಲ. ಹಿಂದೊಮ್ಮೆ ಜೊರಾಲಿನಳಿಗೆ ಬ್ಯಾಂಕಿನ ಹುಡುಗನೊಬ್ಬನ ಜೊತೆ ನಿಶ್ಚಯವಾಗಿತ್ತು. ಆಸೆ ತಡೆಯಲಾರದೆ ಅವಳು ಕನ್ನಡಿಯ ಮುಂದೆ ಗೌನು ತೊಟ್ಟು ನಿಂತಳು. ಹುಡುಗ ಅದೇ ತಿಂಗಳು ಹೇಳದೆ ಕೇಳದೆ ಕೆನಡಾಕ್ಕೆ ಹಾರಿದ. ಅವನು ಮೊದಲಿನಿಂದಲೂ ಓಡಿಹೋಗುವ ಪೈಕಿಯೇ ಎಂದು ಊರಿಗೆಲ್ಲ ಗೊತ್ತಿತ್ತು. ಲೆತಿಂಗ್ ಮಾತ್ರ ಅಪರಾಧವನ್ನೆಲ್ಲ ಗೌನಿನ ತಲೆಗೆ ಕಟ್ಟಿದಳು. ಈ ಸಲದ ವರ ಎಡ್ಸೆಲ್ ಹಡಗಿನ ಕೆಲಸದವನು, ಒಳ್ಳೆಯವನು, ವರ್ಷಕ್ಕೊಮ್ಮೆ ಊರಿಗೆ ಬರುವವನು. ಈ ರಜೆ ತಪ್ಪಿದರೆ ಮತ್ತೆ ವರ್ಷ ಕಾಯಬೇಕು. ಹಾಗಾಗಿ ಲೆತಿಂಗ್ ಗೌನಿನ ಬಟ್ಟೆಯನ್ನು ಮಗಳಿಗೆ ಮುಟ್ಟಲೂ ಬಿಟ್ಟಿರಲಿಲ್ಲ.

ಹಾಗಾದರೆ ಗೌನನ್ನು ಯಾರ ಮೈಮೇಲೆ ಹಾಕಿ ನೋಡುವುದು? ಹೋದ ವಾರ ಪಾಸಿಂಗ್ ಟೇಪನ್ನು ಕೊರಳಿಗೆ ಸುತ್ತಿಕೊಂಡು ಪಾರ್ಲರಿಗೆ ಬಂದಳು. ಮಾತಿಲ್ಲ ಕತೆಯಿಲ್ಲ, ನೇರವಾಗಿ ಫಿನಾಳ ಬೆನ್ನಿಗೆ ಟೇಪು ಹಿಡಿದಳು.

"ಏನ್ ನಾಯ್ ಇದು, ಶವಪೆಟ್ಟಿಗೆಗೆ ಅಳತೆನಾ?"

"ಬಾಯ್ಮುಚ್ಚಿ ಉಸಿರು ಬಿಡು." ಪಾಸಿಂಗ್ ಎರಡು ಸಲ ಅಳೆದಳು. "ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ! ಆ ಜೊರಾಲಿನ್ ವಾಲಿಬಾಲ್ ಆಡಿ ಆಡಿ ಭುಜ ಬೆಳೆಸ್ಕೊಂಡಿದಾಳೆ. ನನ್ನ ಬೊಂಬೆಗೆ ಹಾಕಿದ್ರೆ ಗೌನು ಒಣಗೋಕೆ ಹಾಕಿದ ಹಾಗೆ ನೇತಾಡುತ್ತೆ. ಈ ಊರಲ್ಲಿ ಅಂಥ ಭುಜ ಇರೋದು ಇನ್ನಿಬ್ಬರಿಗೇನೆ. ಒಂದು ನೀನು."

"ಇನ್ನೊಂದು?"

"ಟ್ರೈಸಿಕಲ್ ಪೊಲ್ದೊ. ಅವನ ಹೊಟ್ಟೆ ಸುತ್ತೋಕೆ ದೋಣಿಯ ಹಾಯಿಬಟ್ಟೆನೇ ತರಿಸ್ಬೇಕು."

ಫಿನಾ ನಕ್ಕಳು. ನಗುತ್ತಲೇ, ಏನೂ ಅಲ್ಲದ ವಿಷಯವೆಂಬಂತೆ, "ಸುಮ್ನೆ ನಿಂತ್ರಾಯ್ತು ತಾನೆ? ನಿಲ್ತೀನಿ ಬಿಡು. ನಾನೂ ಒಂದು ಬೊಂಬೆ ಅಂದ್ಕೋ" ಎಂದಳು. ಅವತ್ತಿನಿಂದ ಅವಳಿಗೆ ಊಟ ರುಚಿಸಿರಲಿಲ್ಲ.

ಹುಟ್ಟಿದಾಗ ಅವಳನ್ನು ಎಲ್ಲರೂ ಗಂಡುಮಗು ಎಂದರು. ಆ ಬೆಳಿಗ್ಗೆ ಅಪ್ಪನ ದೋಣಿಯ ಪಕ್ಕ ಡಾಲ್ಫಿನ್‌ಗಳು ನೆಗೆದವಂತೆ. ಅದಕ್ಕೇ ಅಪ್ಪ ಡೆಲ್ಫಿನ್ ಎಂದು ಹೆಸರಿಟ್ಟ. ಬುದ್ಧಿ ಬಂದಾಗಿನಿಂದ ತಾನು ಹೆಣ್ಣೆಂದು ಗೊತ್ತಿದ್ದ ಮಗು, ಅಪ್ಪನ ಮನಸ್ಸು ನೋಯಬಾರದೆಂದು ಆ ಹೆಸರನ್ನು ಬಿಸಾಡಲಿಲ್ಲ. ಕೊನೆಗೊಂದು ದೀರ್ಘ ಸೇರಿಸಿ ಡೆಲ್ಫಿನಾ ಎಂದು ಮಾಡಿಕೊಂಡಿತು. ಅಪ್ಪ ಅದನ್ನು ಒಪ್ಪಿದನೋ ಇಲ್ಲವೋ, ಕೊನೆಗಾಲದಲ್ಲಿ ಗಡ್ಡ ಹೆರೆಯಲು ಫಿನಾಳ ಕೈಯನ್ನು ಬಿಟ್ಟು ಬೇರೆ ಯಾರ ಕೈಗೂ ಕೆನ್ನೆ ಕೊಡುತ್ತಿರಲಿಲ್ಲ. ಆದರೆ ಅದು ಕೊನೆಗಾಲದ ಮಾತು. ಮೊದಲು ಅವನೂ ಎಲ್ಲ ಅಪ್ಪಂದಿರ ಹಾಗೆ ಉಪಾಯ ಹೂಡಿದ. ಸಮುದ್ರಕ್ಕೆ ಕರೆದುಕೊಂಡು ಹೋಗಿ ಹುಟ್ಟು ಹಾಕಿಸಿದರೆ, ಬಲೆ ಎಳೆಸಿದರೆ ಮಗ ಗಂಡಸಾಗುತ್ತಾನೆ ಎಂದುಕೊಂಡ. ಎಂಟು ವರ್ಷ ಹುಟ್ಟು ಹಾಕಿಸಿದ. ಗಂಡಸುತನ ಬರಲಿಲ್ಲ. ಭುಜ ಬಂತು.

ಆ ಭುಜದ ಜೊತೆ ಫಿನಾಳಿಗೆ ಇಂದಿನವರೆಗೂ ರಾಜಿಯಾಗಿರಲಿಲ್ಲ. ಬುಗ್ಗೆ ತೋಳಿನ ರವಿಕೆ ತೊಟ್ಟಳು, ಶಾಲು ಹೊದ್ದಳು, ಫೋಟೋದಲ್ಲಿ ಪಕ್ಕಕ್ಕೆ ತಿರುಗಿ ನಿಂತಳು. ಪ್ರಾಯದಲ್ಲಿ ಊರೂರಿನ ಹಬ್ಬದ ಸೌಂದರ್ಯ ಸ್ಪರ್ಧೆಗಳಿಗೆ, ತನ್ನಂಥವರೇ ಸೇರುವ ಆ ಜರಿ ಮಿಂಚಿನ ರಂಗಕ್ಕೆ, ಅವಳೂ ಹೋಗುತ್ತಿದ್ದಳು. ಮುಖಕ್ಕೆ ಒಳ್ಳೆಯ ಅಂಕ, ಮಾತಿಗೆ ಇನ್ನೂ ಒಳ್ಳೆಯ ಅಂಕ, ಕೊನೆಗೆ ಯಾರಾದರೊಬ್ಬ ತೀರ್ಪುಗಾರ "ಭುಜ ಸ್ವಲ್ಪ…" ಎನ್ನುವನು. ಎರಡನೆಯ ಸ್ಥಾನದ ಹೆಗಲುಪಟ್ಟಿಗಳು ಪೆಟ್ಟಿಗೆ ತುಂಬ ಇದ್ದವು. ಆ ಗೌನುಗಳೆಲ್ಲ ಜನರ ಚಪ್ಪಾಳೆಗೆ, ಶಿಳ್ಳೆಗೆ, ನಗೆಗೆ ಹೊಲಿಸಿದವು. ತೊಟ್ಟಾಗ ಖುಷಿಯಾಗುತ್ತಿತ್ತು, ನಿಜ. ಆದರೆ ದೀಪ ಆರಿದ ಮೇಲೆ ಆ ಖುಷಿ ಪೌಡರಿನ ಜೊತೆಗೇ ಒರೆಸಿಹೋಗುತ್ತಿತ್ತು.

ಮದುವೆಯ ಗೌನು ಬೇರೆ. ಊರಿನ ಅರ್ಧ ಮದುಮಕ್ಕಳ ತಲೆ ಬಾಚಿದವಳು ಅವಳೇ. ಮುಸುಕು ಸಿಕ್ಕಿಸುವುದು, ಅತ್ತು ಕೆಟ್ಟ ಕಾಡಿಗೆಯನ್ನು ತಿದ್ದುವುದು, "ಎಡಗೈಯಲ್ಲಿ ಅಂಚು ಎತ್ತಿ ಹಿಡಿ, ಗಲ್ಲ ಮೇಲೆ, ಕಾಲು ನೋಡ್ಕೋಬೇಡ, ಎದುರಿಗೆ ನೋಡು" ಎಂದು ಕಿವಿಯಲ್ಲಿ ಹೇಳಿ ಚರ್ಚಿನ ಬಾಗಿಲಿನಿಂದ ಒಳಗೆ ಕಳಿಸುವುದು, ಎಲ್ಲ ಅವಳದೇ. ಕಳಿಸಿದ ಮೇಲೆ ಬಾಗಿಲಲ್ಲೇ ನಿಂತು ತನ್ನನ್ನೂ ಒಂದು ಸಲ ಮನಸ್ಸಿನಲ್ಲಿ ಒಳಗೆ ನಡೆಸುತ್ತಿದ್ದಳು. ಬಿಳಿ ಗೌನು, ಚಪ್ಪಾಳೆಯಿಲ್ಲ, ಯಾರೂ ಅಂಕ ಕೊಡುವುದಿಲ್ಲ. ಆ ಕನಸಿನಲ್ಲಿ ಅವಳಿಗೆ ಗೌನು ಚೆನ್ನಾಗಿ ಒಪ್ಪುತ್ತಿತ್ತು. ವರನ ಮುಖ ಇರಲಿಲ್ಲ, ಅದರ ಅಗತ್ಯವೂ ಬಿದ್ದಿರಲಿಲ್ಲ. ಈಗ ನಿಜವಾದ ಗೌನು ತೊಟ್ಟು ನಿಜವಾದ ಕನ್ನಡಿಯಲ್ಲಿ ನೋಡಿಕೊಂಡರೆ, ಅದರೊಳಗೆ ಹುಟ್ಟು ಹಾಕುವ ಡೆಲ್ಫಿನ್ ನಿಂತಿದ್ದರೆ? ಇಷ್ಟು ವರ್ಷ ಜೊತೆಗಿದ್ದ ಆ ಕನಸೂ ಹೋಯಿತು. ಫಿನಾಳ ಹೆದರಿಕೆ ಅದೊಂದೇ.

"ಕೈ ಎತ್ತು," ಎಂದಳು ಪಾಸಿಂಗ್.

ಗೌನು ತಲೆಯ ಮೇಲಿನಿಂದ ತಣ್ಣಗೆ ಇಳಿಯಿತು. ಬೆನ್ನಿನುದ್ದಕ್ಕೂ ಬಟ್ಟೆ ಸುತ್ತಿದ ಕಡಲೆಗಾತ್ರದ ಗುಂಡಿಗಳು, ಒಂದೊಂದಕ್ಕೂ ದಾರದ ಕುಣಿಕೆ. ಪಾಸಿಂಗ್ ಗೊಣಗುತ್ತ, ಕನ್ನಡಕ ಏರಿಸುತ್ತ, ಒಂದೊಂದನ್ನೇ ಸಿಕ್ಕಿಸುತ್ತ ಹೋದಳು. "ಮಾಡರ್ನ್ ಹುಡುಗೀರಿಗೆ ಜಿಪ್ಪು ಸಾಲ್ದು. ಗುಂಡಿ ಬೇಕಂತೆ ಗುಂಡಿ. ಮೊದಲನೇ ರಾತ್ರಿ ಗಂಡ ಬೆಳಗಿನ ತನಕ ಬಿಚ್ತಾ ಕೂತಿರ್ಲಿ."

"ನಾಯ್! ಹಲ್ಲು ಬಿದ್ದಿದೆ, ನಾಲಿಗೆ ಬಿದ್ದಿಲ್ಲ ನಿಂಗೆ."

"ನಾಲಿಗೆಗೆ ಬೇರು ಆಳ ಕಣೇ." ಮುಸುಕನ್ನೂ ತಂದು ತಲೆಗೆ ಹಾಕಿದಳು. "ಇದರ ಉದ್ದನೂ ನೋಡ್ಬೇಕು. ಹಾಂ. ಈಗ ತಿರುಗು, ಕನ್ನಡಿ ನೋಡ್ಕೋ."

ಕನ್ನಡಿ ಮೂಲೆಯಲ್ಲಿತ್ತು. ಫಿನಾ ಅದಕ್ಕೆ ಬೆನ್ನು ಹಾಕಿಯೇ ನಿಂತಿದ್ದಳು. "ಮೊದಲು ಪಿನ್ನು ಹಾಕಿ ಮುಗಿಸು. ಆಮೇಲೆ ನೋಡ್ತೀನಿ."

"ಈಗ ನೋಡಿದ್ರೆ ಏನು ಕಣ್ಣು ಸವೆಯುತ್ತಾ?"

ಅಷ್ಟರಲ್ಲಿ ಫ್ಯಾನು ನಿಧಾನವಾಯಿತು, ಬಲ್ಬು ಆರಿತು. ಮಾರುಕಟ್ಟೆಯ ಕಡೆಯಿಂದ ಒಂದೇ ಕಾಲಕ್ಕೆ "ಓಓ" ಎಂಬ ಕೂಗು ಬಂತು. ಕರೆಂಟು ಹೋಗಿತ್ತು. ಕನ್ನಡಿಯ ಮೂಲೆ ಗುಹೆಯಾಯಿತು. ಫಿನಾ ಕರೆಂಟಿನವರನ್ನು ಮನಸ್ಸಿನಲ್ಲೇ ಹರಸಿದಳು.

ಪಾಸಿಂಗ್ ಬೈದಳು. ಅಂಚು ಕಾಣದೆ ಪಿನ್ನು ಹಾಕುವುದು ಹೇಗೆ? ಹೊರಗಿನ ಬೆಳಕಿಗೆ ಹೊಸ್ತಿಲ ಹತ್ತಿರ ಬಾ ಎಂದಳು. ಫಿನಾ ಬಂದಳು, ಆದರೆ ರಸ್ತೆಗೆ ಬೆನ್ನು ಮಾಡಿ, ಮುಖ ಮನೆಯ ಕತ್ತಲಿಗೆ ಮಾಡಿ ನಿಂತಳು. ಯಾರಾದರೂ ಮುಖ ನೋಡಿಬಿಟ್ಟರೆ? ಬಿಳಿ ಲೇಸಿನ ಬೆನ್ನು ಇಡೀ ರಸ್ತೆಗೆ ತೆರೆದುಕೊಂಡಿತು. ಪಾಸಿಂಗ್ ಬಾಯಿ ತುಂಬ ಪಿನ್ನು ಕಚ್ಚಿದಳು. ತನ್ನ ಬಾಯಲ್ಲಿ ಜಾಗ ಮುಗಿದ ಮೇಲೆ ಉಳಿದವನ್ನು ಫಿನಾಳ ತುಟಿಗಳ ನಡುವೆ ಸಿಕ್ಕಿಸಿ ನೆಲದ ಮೇಲೆ ಕೂತಳು.

ಆ ಹೊತ್ತಿಗೇ ಪೊಲ್ದೊನ ಟ್ರೈಸಿಕಲ್ ಬಂತು. ಮೋಟಾರುಬೈಕಿನ ಪಕ್ಕೆಗೆ ತಗಡಿನ ಗೂಡು ಕಟ್ಟಿದ ಬಾಡಿಗೆ ಗಾಡಿ, ಬರುವುದಕ್ಕೆ ಮೊದಲೇ ಅದರ ಕೆಮ್ಮು ಬರುತ್ತದೆ. ಗೂಡಿನಲ್ಲಿ, ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ ಬಂದಿಳಿದ ಎಡ್ಸೆಲ್ ಕೂತಿದ್ದ, ಜೊರಾಲಿನಳಿಗೆ ಬೆರಗಾಗಲೆಂದು ಯಾರಿಗೂ ಹೇಳದೆ. ದೋಣಿಕಟ್ಟೆಯಿಂದ ಅತ್ತೆಮನೆಯ ದಾರಿ ಪಾಸಿಂಗಳ ಬಾಗಿಲ ಮುಂದೆಯೇ ಹೋಗುತ್ತದೆ. ಎಡ್ಸೆಲ್ ಕಂಡದ್ದು: ಹೊಲಿಗೆಯವಳ ಹೊಸ್ತಿಲು, ಬಿಳಿ ಗೌನು, ಮುಸುಕು, ವಾಲಿಬಾಲ್ ಆಡಿದ ಭುಜ.

"ನಿಲ್ಸಿ ನಿಲ್ಸಿ! ಜೋ! ಅಯ್ಯೋ ಜೋ… ಎಷ್ಟು ಚೆನ್ನಾಗಿ ಕಾಣ್ತಿದೀಯೇ… ಅಯ್ಯಯ್ಯೋ! ನಾನು ನೋಡ್ಲಿಲ್ಲ! ನೋಡೇ ಇಲ್ಲ! ಬಿಚ್ಚು ಅದನ್ನ, ನಿಮ್ಮಮ್ಮ ಸಾಯ್ತಾರೆ!"

"ಮ್ಮ್! ಮ್ಮ್ಮ್!" ಎಂದಳು ಫಿನಾ, ಪಿನ್ನುಗಳ ನಡುವಿನಿಂದ.

"ಮ್ಮ್ಮ್ಮ್!" ಎಂದಳು ಪಾಸಿಂಗ್, ನೆಲದಿಂದ.

ಎಡ್ಸೆಲ್ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಓಡಿದ. ಮೊದಲು ಎಳನೀರಿನ ಗಾಡಿಗೆ ಬಡಿದ, ಗಾಡಿಗೇ ಕ್ಷಮೆ ಕೇಳಿದ, ಆಮೇಲೆ ಲೆತಿಂಗಳಿಗೆ ಹೇಳಲು ಮೀನುಮಾರುಕಟ್ಟೆಯೊಳಗೆ ನುಗ್ಗಿ ಮಾಯವಾದ. ಹೇಳದಿದ್ದರೆ ತನ್ನ ಮದುವೆ ನಿಲ್ಲುತ್ತದೆ, ಹೇಳಿದರೆ ಅತ್ತೆ ಏನಾದರೊಂದು ಪರಿಹಾರ ಮಾಡುತ್ತಾಳೆ ಎಂದು ಆ ಬಡಪಾಯಿಯ ನಂಬಿಕೆ.

ಫಿನಾ ಪಿನ್ನುಗಳನ್ನು ಅಂಗೈಗೆ ಉಗುಳಿ ತಿರುಗಿದಳು. ಪೊಲ್ದೊ ಗಾಡಿಯ ಮೇಲೆ ಕೂತು ನೋಡುತ್ತಿದ್ದ. ಒಂದನೇ ಕ್ಲಾಸಿನಲ್ಲಿ ಅವಳ ಪಕ್ಕ ಕೂತವನು, ಇಡೀ ಊರು ಫಿನಾ ಎಂದರೂ ಹಟ ಹಿಡಿದು ಡೆಲ್ಫಿನ್ ಎನ್ನುವವನು ಅವನೊಬ್ಬನೇ. ಅವನ ಬಾಯಿ ತೆರೆದೇ ಇತ್ತು.

"ಡೆಲ್ಫಿನ್? ನೀನೇನೋ? ನಾನೂ ಜೊರಾಲಿನ್ ಅಂದ್ಕೊಂಡ್ನಲ್ಲೋ!" ಎಂದು ಹ್ಯಾಂಡಲಿಗೆ ಹಣೆಯಿಟ್ಟು ನಗತೊಡಗಿದ.

"ನಗ್ಬೇಡ್ವೋ, ಹೋಗಿ ಅವನನ್ನ ಹಿಡಿ!" ಪಾಸಿಂಗ್ ಕಿರುಚಿದಳು. ಪೊಲ್ದೊ ಹೋದ. ಪಾಸಿಂಗ್ ಎದ್ದು ಗುಂಡಿ ಬಿಚ್ಚತೊಡಗಿದಳು. ಕುಣಿಕೆಗಳು ಹೊಸವು, ಬಿಗಿ. ಕುತ್ತಿಗೆಯ ಒಂದು ಗುಂಡಿ ಬಿಚ್ಚಿ ಮುಂದಿನದಕ್ಕೆ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಪೊಲ್ದೊ ವಾಪಸು ಬಂದ. ಈ ಸಲ ನಗುತ್ತಿರಲಿಲ್ಲ.

"ಲೆತಿಂಗ್ ಅಂಗಡಿ ಬಿಟ್ಟು ಪಾದ್ರಿ ಹತ್ರ ಹೋದ್ಲು. ಮದುವೆನ ಮುಂದಿನ ವರ್ಷಕ್ಕೆ ಹಾಕಿಸ್ತಾಳಂತೆ. ಅದು ಡೆಲ್ಫಿನ್ ಕಣಮ್ಮ ಅಂದೆ. 'ನಿಂಗೆ ನಿನ್ನೆದೇ ಇನ್ನೂ ಇಳಿದಿಲ್ಲ' ಅಂದ್ಲು."

"ಜೊರಾಲಿನಳನ್ನೇ ಕರ್ಕೊಂಡು ಹೋಗಿ ತೋರಿಸು!" ಎಂದಳು ಫಿನಾ.

"ಎಲ್ಲಿಂದ ತರ್ಲಿ? ಅಜ್ಜಿನ ಕರೆಯೋಕೆ ಅಂತ ಅಪ್ಪನ ಜೊತೆ ಆಚೆ ದ್ವೀಪಕ್ಕೆ ಹೋಗಿದಾಳೆ. ಸಂಜೆ ದೋಣಿಗೆ ಬರೋದು. ಲೆತಿಂಗ್ ಅದನ್ನೂ ನಂಬ್ತಿಲ್ಲ. ಸುಳ್ಳು ಹೇಳಿ ಗೌನು ತೊಡೋಕೆ ಹೋಗಿದಾಳೆ ಅಂತ ಎದೆ ಬಡ್ಕೊಳ್ತಿದಾಳೆ."

ಫೋನು ಮಾಡೋಣವೆಂದರೆ ಕರೆಂಟಿನ ಜೊತೆ ಸಿಗ್ನಲ್ಲೂ ಸತ್ತಿತ್ತು. ಪಾಸಿಂಗ್ ಮುಂದಿನ ಗುಂಡಿಯ ಜೊತೆ ಗುದ್ದಾಡುತ್ತಲೇ ಇದ್ದಳು. "ಇದೆಲ್ಲ ಬಿಚ್ಚೋಷ್ಟರಲ್ಲಿ ಪಾದ್ರಿ ನಿದ್ದೆಯಿಂದ ಎದ್ದು ದಿನಾನೇ ಬದಲಾಯಿಸಿರ್ತಾರೆ."

ಆ ಬೆನ್ನು ಜೊರಾಲಿನಳದ್ದಲ್ಲ ಎಂದು ತೋರಿಸಲು ಊರಿನಲ್ಲಿ ಇದ್ದ ಸಾಕ್ಷಿ ಒಂದೇ, ಅದು ಫಿನಾಳ ಮೈಮೇಲಿತ್ತು.

ರಾತ್ರಿಯ ದೀಪದಲ್ಲಿ, ರಂಗದ ಮೇಲೆ, ಮುಖಕ್ಕೆ ದಪ್ಪ ಬಣ್ಣ ಬಳಿದು ನಿಲ್ಲುವುದು ಒಂದು. ನಡುಮಧ್ಯಾಹ್ನದ ಬಿಸಿಲಿನಲ್ಲಿ, ದಿನಾ ತರಕಾರಿ ಕೊಳ್ಳುವ ಜನರ ನಡುವೆ ಹೋಗುವುದು ಇನ್ನೊಂದು. ನಕ್ಕರೆ ಆ ನಗೆ ನಾಳೆಯೂ ತರಕಾರಿಯ ಜೊತೆ ಬುಟ್ಟಿಯಲ್ಲಿ ಬರುತ್ತದೆ.

"ತುಟಿಗೆ ಬಣ್ಣ ಕೂಡ ಹಚ್ಚಿಲ್ಲ ನಾಯ್," ಎಂದಳು ಫಿನಾ.

"ತುಟಿ ಯಾರು ನೋಡ್ತಾರೆ, ಲೇಸು ನೋಡ್ತಾರೆ. ನಡಿ, ನಾನೂ ಬರ್ತೀನಿ. ಆದ್ರೆ ಇಂದಾಯ್, ಅಂಚು ನೆಲಕ್ಕೆ ತಾಗಿತೋ, ಮದುವೆ ಬದಲು ನಿನ್ನ ತಿಥಿ ಮಾಡ್ತೀನಿ."

ಟ್ರೈಸಿಕಲ್ಲಿನ ಸೀಟು ಮೀನಿನ ಬುಟ್ಟಿ, ಹಂದಿಮರಿ, ಅಕ್ಕಿಮೂಟೆ ಎಲ್ಲವನ್ನೂ ಹೊತ್ತ ಸೀಟು. ಪೊಲ್ದೊ ಅದನ್ನೊಮ್ಮೆ ನೋಡಿದ, ಗೌನನ್ನೊಮ್ಮೆ ನೋಡಿದ. ಮರುಮಾತಿಲ್ಲದೆ ಅಂಗಿ ಬಿಚ್ಚಿ ಸೀಟಿನ ಮೇಲೆ ಹರಡಿದ. ಬನಿಯನ್ನಿನ ತೂತಿನಿಂದ ಹೊಟ್ಟೆ ಇಣುಕಿತು.

"ಕೂತ್ಕೋ. ಇವತ್ತೇ ಒಗೆದಿದ್ದು. ಬೆವರು ಗಿವರು ಅಂದ್ರೆ ಇಳಿಸ್ಬಿಡ್ತೀನಿ ನೋಡೋ."

ಫಿನಾ ಕೂತಳು. ಪಾಸಿಂಗ್ ಪೊಲ್ದೊನ ಹಿಂದೆ ಏರಿ, ಒಂದು ಕೈಯಲ್ಲಿ ಪಿನ್ನಿನ ಡಬ್ಬಿ, ಇನ್ನೊಂದು ಕೈಯಲ್ಲಿ ಗೌನಿನ ಉದ್ದನೆಯ ಬಾಲ ಹಿಡಿದಳು. ಗಾಡಿ ಕೆಮ್ಮಿ ಹೊರಟಿತು. ಮದುಮಗಳನ್ನು ಕರೆದೊಯ್ಯುವ ಗಾಡಿ ದಾರಿಯುದ್ದಕ್ಕೂ ಹಾರ್ನ್ ಹೊಡೆಯಬೇಕು, ಅದು ಅಲ್ಲಿಯ ರೂಢಿ. ಪೊಲ್ದೊನ ಹೆಬ್ಬೆರಳು ರೂಢಿಯ ಪ್ರಕಾರ ತಾನಾಗಿಯೇ ಹಾರ್ನಿನ ಮೇಲೆ ಹೋಯಿತು.

"ಯಾಕೋ ಹಾರ್ನು? ಊರೆಲ್ಲ ಎದ್ದು ಬರುತ್ತೆ!"

"ಗೌನು ಹಾಕ್ಕೊಂಡೋರು ಕೂತಿದ್ರೆ ಹೊಡೀಲೇಬೇಕು. ಇಲ್ದಿದ್ರೆ ಇಂಜಿನ್ನಿಗೆ ಆಗಿಬರಲ್ಲ."

ಊರು ಎದ್ದು ಬಂತು. ಬಾಳೆಹಣ್ಣು ಕರಿಯುವವಳು ಜಾಲರಿ ಹಿಡಿದುಕೊಂಡೇ ಬಂದಳು. ಹುಂಜ ತಬ್ಬಿಕೊಂಡವರು ಹುಂಜದ ಜೊತೆಗೇ ಬಂದರು. ಕರೆಂಟಿಲ್ಲದೆ ಕರಾವೋಕೆ ಯಂತ್ರ ನಿಂತುಹೋಗಿ ಕೈಯಲ್ಲಿ ಮೈಕು ಉಳಿದವರು ಮೈಕಿನ ಜೊತೆ ಬಂದರು. ಫಿನಾ ಎದುರಿಗೆ ನೋಡುತ್ತ ಕೂತಳು. ಗಲ್ಲ ಮೇಲೆ. ಎದೆಯೊಳಗೆ ಮಾತ್ರ ಅಪ್ಪನ ದೋಣಿ ಅಲೆಗೆ ಸಿಕ್ಕಿತ್ತು.

ಚರ್ಚಿನ ತಿರುವಿನಲ್ಲಿ ತಾಯ್ ಆಂಬೊ, ಅಂದರೆ ಆಂಬೊ ಅಪ್ಪ, ಕೂತಿರುತ್ತಾನೆ, ಎರಡೂ ಕಣ್ಣಿಗೆ ಪೊರೆ ಬಂದ ಮುದುಕ. ಗಾಡಿ ಅಲ್ಲಿ ನಿಧಾನವಾದಾಗ ಅವನಿಗೆ ಬಿಳುಪೊಂದು ಕಂಡಿತು. ಕೋಲೂರಿ ಎದ್ದು ನಿಂತ. ತಲೆಯ ಮೇಲಿನ ಹುಲ್ಲಿನ ಟೋಪಿ ತೆಗೆದು ಎದೆಗಿಟ್ಟುಕೊಂಡ. "ದೇವರು ಒಳ್ಳೇದ್ ಮಾಡ್ಲಿ ಮಗಳೇ. ಮನೆ ತುಂಬ ಮಕ್ಕಳಾಗ್ಲಿ."

"ನನ್ನ ಪ್ರಯತ್ನ ನಾನು ಮಾಡ್ತೀನಿ, ತಾಯ್," ಎಂದಳು ಫಿನಾ. ಪಾಸಿಂಗ್ ನಗು ತಡೆಯಲಾರದೆ ಪೊಲ್ದೊನ ಬೆನ್ನಿಗೆ ಮುಖ ಒತ್ತಿದಳು. ಫಿನಾ ಮಾತ್ರ ಅವನನ್ನೇ ತಿರುಗಿ ನೋಡುತ್ತ ಕೂತಳು. ಆ ಟೋಪಿಯನ್ನು ಮುದುಕ ಸಾವಿಗೂ ಮದುವೆಗೂ ಬಿಟ್ಟು ಬೇರೆ ಯಾವುದಕ್ಕೂ ತೆಗೆಯುವವನಲ್ಲ.

ಚರ್ಚಿನ ಪಕ್ಕದ ಮನೆಯ ಬಾಗಿಲನ್ನು ಲೆತಿಂಗ್ ಬಡಿಯುತ್ತಿದ್ದಳು. ರಬ್ಬರ್ ಏಪ್ರನ್ನು ಮೈಮೇಲೇ ಇತ್ತು. ಪಾದ್ರಿಯ ನಿದ್ದೆ ಮುಗಿಯುವ ತನಕ ಕಿಟಕಿ ಕೂಡ ತೆರೆಯುವುದಿಲ್ಲ ಎಂದು ಒಳಗಿನಿಂದ ಅಡುಗೆಯವಳ ದನಿ ಬರುತ್ತಿತ್ತು. "ನಾಳೆಗೆ ಬಾಂಗಡೆ ಕೇಳ್ಕೊಂಡು ಬರ್ತೀಯಲ್ಲ, ಆಗ ನೋಡ್ಕೋತೀನಿ!" ಎಂದು ಲೆತಿಂಗ್ ಹೊರಗಿನಿಂದ. ಚರ್ಚಿನ ಮೆಟ್ಟಿಲ ಮೇಲೆ ಎಡ್ಸೆಲ್ ತಲೆಗೆ ಟವೆಲು ಹೊದ್ದು ಕಾವಿಗೆ ಕೂತ ಕೋಳಿಯಂತೆ ಕೂತಿದ್ದ. ಮಾರುಕಟ್ಟೆಯ ಅರ್ಧ ಜನ ಸುತ್ತ ನಿಂತಿದ್ದರು.

ಫಿನಾ ಇಳಿದಳು. ಎಡಗೈಯಲ್ಲಿ ಅಂಚು.

ಲೆತಿಂಗ್ ತಿರುಗಿದಳು, ಗೌನನ್ನು ಕಂಡಳು. "ಜೊರಾಲಿನ್! ನಿನ್ನ…" ಕಣ್ಣು ಗೌನಿನಿಂದ ಮುಖಕ್ಕೆ ಏರಿತು. "ಮನಾಂಗ್?"

ಮನಾಂಗ್ ಎಂದರೆ ಅಕ್ಕ. ಕೋಪ ಬಂದ ದಿನ ಲೆತಿಂಗ್ ಅದನ್ನು ಅಣ್ಣ ಎಂದು ಬದಲಾಯಿಸುವುದೂ ಇತ್ತು. ಇವತ್ತಿನ ಕೋಪಕ್ಕೆ ಅದು ನೆನಪಾಗಲಿಲ್ಲ.

"ನಾನೇ ಲೆತಿಂಗ್. ಎಡ್ಸೆಲ್, ಟವೆಲ್ ತೆಗಿ."

"ತೆಗಿಯಲ್ಲ! ನೋಡಬಾರ್ದು!"

"ತೆಗಿಯೋ ದಡ್ಡ. ನಾನು ನಿನ್ನ ಹೆಂಡ್ತಿ ಅಲ್ಲ."

ಟವೆಲಿನ ಸಂದಿಯಿಂದ ಒಂದು ಕಣ್ಣು ಹೊರಬಂತು. ಫಿನಾ ನಿಧಾನವಾಗಿ ತಿರುಗಿ ಅವನಿಗೆ ಬೆನ್ನು ತೋರಿಸಿದಳು. ಶಾಲಿಲ್ಲ, ಬುಗ್ಗೆ ತೋಳಿಲ್ಲ. ಇಡೀ ಊರಿನ ಮುಂದೆ ಆ ಭುಜ.

"ನೀನು ನೋಡಿದ್ದು ಇದೇ ಬೆನ್ನಾ?"

ಎರಡನೆಯ ಕಣ್ಣೂ ಹೊರಬಂತು. ಎಡ್ಸೆಲ್ ನೋಡಿದ, ಎದ್ದು ನಿಂತು ಇನ್ನೊಮ್ಮೆ ನೋಡಿದ. "ಇದೇ," ಎಂದ ಸಣ್ಣ ದನಿಯಲ್ಲಿ. "ಇದೇ ಭುಜ. ಸಾವಿರ ಜನರ ಮಧ್ಯೆ ಇದ್ರೂ ಜೋ ಭುಜ ನಾನು ಗುರುತು ಹಿಡೀತೀನಿ ಅಂತ ಹಡಗಲ್ಲಿ ಎಲ್ಲರ ಹತ್ರ ಹೇಳ್ಕೊಂಡಿದ್ದೆ…"

ಜನ ಹೋ ಎಂದು ನಕ್ಕರು. ಫಿನಾಳ ಮೈ ಅಭ್ಯಾಸದಿಂದ ಒಮ್ಮೆ ಬಿಗಿಯಾಯಿತು, ಆಮೇಲೆ ಗೊತ್ತಾಯಿತು. ಗೌನು ತೊಟ್ಟು ಜನರ ಮುಂದೆ ನಿಂತಾಗ ನಗೆ ಬೇರೆಯವನ ಪಾಲಿಗೆ ಹೋದದ್ದು ಅವಳ ಬದುಕಿನಲ್ಲಿ ಇದೇ ಮೊದಲು. ಅಪ್ಪ ಎಂಟು ವರ್ಷ ದುಡಿದು ಮಾಡಿಕೊಟ್ಟ ಭುಜ ಮದುಮಗಳ ಭುಜವೆಂದು ಸ್ವತಃ ವರನೇ ಚರ್ಚಿನ ಮೆಟ್ಟಿಲ ಮೇಲೆ ಸಾಕ್ಷಿ ನುಡಿದಿದ್ದ. ಪಾಪ ಅಪ್ಪ, ಎಂದುಕೊಂಡಳು. ಇದಕ್ಕೇನಾ ಅಷ್ಟು ಹುಟ್ಟು ಹಾಕಿಸಿದ್ದು.

ಲೆತಿಂಗಳಿ​ಗೆ ಮಾತ್ರ ಪೂರ್ತಿ ಸಮಾಧಾನವಾಗಿರಲಿಲ್ಲ. "ಆದ್ರೂ ಗೌನನ್ನ ಅವನು ನೋಡಿಬಿಟ್ನಲ್ಲ?"

"ವಧು ತೊಡಬಾರದು ಅಂತ ಇರೋದು," ಪಾಸಿಂಗ್ ಪಿನ್ನಿನ ಡಬ್ಬಿಯನ್ನು ನ್ಯಾಯಾಧೀಶರ ಸುತ್ತಿಗೆಯಂತೆ ಕುಟ್ಟಿದಳು. "ವಧು ಇದನ್ನ ಮುಟ್ಟೇ ಇಲ್ಲ."

"ಹಾಗಾದ್ರೆ ಯಾರು ತೊಟ್ರೋ ಅವರ ಮದುವೆ ನಿಲ್ಲುತ್ತೆ ಅಂತಾಯ್ತು," ಎಂದಳು ಲೆತಿಂಗ್.

ಎಲ್ಲರೂ ಫಿನಾಳನ್ನು ನೋಡಿದರು.

"ನನ್ನದಾ?" ಎಂದಳು ಫಿನಾ. "ನಿಲ್ಲಲಿ ಬಿಡೇ. ಹೊರಟಿದ್ರೆ ತಾನೆ ನಿಲ್ಲೋದು."

ಮೊದಲು ನಕ್ಕವಳು ಕಿಟಕಿಯ ಹಿಂದಿನ ಅಡುಗೆಯವಳು. ಆಮೇಲೆ ಲೆತಿಂಗ್ ನಕ್ಕಳು, ನಗುತ್ತ ನಗುತ್ತ ಅಳು ಬಂದು ಏಪ್ರನ್ನಿನಲ್ಲಿ ಮುಖ ಒರೆಸಿದಳು. ಕೆನ್ನೆಗೆ ಮೀನಿನ ಹುರುಪೆ ಅಂಟಿ ಮಿನುಗಿತು. ಹತ್ತಿರ ಬಂದು, ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು ಸುತ್ತ ನಡೆದಳು.

"ಕತ್ತಿನ ಹತ್ರ ಚೆನ್ನಾಗಿ ಕೂತಿದೆ. ಒಂದು ಗುಂಡಿ ಯಾಕೆ ಬಿಚ್ಚಿದೆ? ಮನಾಂಗ್, ನನ್ನ ಮಗಳೂ ಹೀಗೇ ಕಾಣ್ತಾಳಾ?"

"ಇದಕ್ಕಿಂತ ಚೆನ್ನಾಗಿ. ಅವಳ ತುಟಿಗೆ ನಾನು ಬಣ್ಣ ಹಚ್ಚಿರ್ತೀನಿ."

"ನೀನೂ ಚೆನ್ನಾಗಿ ಕಾಣ್ತೀಯ ಬಿಡು. ಯಾರೂ ಹೇಳಿಲ್ವಾ ನಿಂಗೆ?"

"ಹೇಳಿದಾರೆ. ಅಂಕ ಕೊಟ್ಟು ಹೇಳಿದಾರೆ."

"ನಾನು ಅಂಕಗಿಂಕ ಕೊಡಲ್ಲ," ಎಂದಳು ಲೆತಿಂಗ್. ಎಡ್ಸೆಲ್‌ನ ತಲೆಯಿಂದ ಟವೆಲು ಕಿತ್ತುಕೊಂಡು ಅದರಲ್ಲೇ ಅವನಿಗೊಂದು ಬಾರಿಸಿದಳು. "ಏಳೋ! ಬಂದೋನು ಮೊದಲು ಅತ್ತೆಗೆ ಕೈ ಮುಗಿಯೋದು ಬಿಟ್ಟು ಊರು ಹೆದರಿಸ್ತಾನೆ. ಊಟ ಆಯ್ತೇನೋ?" ಅವನನ್ನು ತಳ್ಳಿಕೊಂಡು ಮಾರುಕಟ್ಟೆಯ ಕಡೆ ಹೊರಟಳು. ಮದುವೆ ಶನಿವಾರವೇ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಜನ ಒಬ್ಬೊಬ್ಬರಾಗಿ ಕರಗಿದರು.

ಪಾಸಿಂಗ್ ಬಗ್ಗಿ ಅಂಚು ನೋಡಿದಳು. ಮಣ್ಣಾಗಿರಲಿಲ್ಲ. "ಬದುಕಿದೆ," ಎಂದಳು. ಗೌನಿಗೋ ಫಿನಾಳಿಗೋ ಗೊತ್ತಾಗಲಿಲ್ಲ. ಪೊಲ್ದೊ ಇಂಜಿನ್ನಿಗೆ ಒದ್ದ.

"ಹತ್ತೋ ಡೆಲ್ಫಿನ್. ನನ್ನ ಅಂಗಿ ಬೇರೆ ಬೇಕು, ಗಾಳಿಗೆ ಹೊಟ್ಟೆ ತಣ್ಣಗಾಗ್ತಿದೆ."

ಚೌಕದ ಆಚೆ ಬದಿಯಲ್ಲಿ ಗಿರವಿ ಅಂಗಡಿ ಇದೆ. ಅದಕ್ಕೆ ನೆಲದಿಂದ ಸೂರಿನವರೆಗೆ ಗಾಜಿನ ಬಾಗಿಲು. ಕರೆಂಟಿಲ್ಲದೆ ಒಳಗೆ ಕತ್ತಲೆ, ಹೊರಗೆ ಬಿಸಿಲು. ಆ ಗಾಜಿನ ಆಳದಲ್ಲಿ, ಬಾವಿಯ ನೀರಿನಲ್ಲಿ ಮೋಡ ಕಂಡ ಹಾಗೆ, ಬಿಳಿಯದೇನೋ ನಿಂತಿತ್ತು. ಇಲ್ಲಿಂದ ತನ್ನ ಮುಖ ಕಾಣುತ್ತಿರಲಿಲ್ಲ. ಫಿನಾ ಅದನ್ನೇ ನೋಡಿದಳು.

"ಏನು ನೋಡ್ತಿದೀಯೋ? ಕರೆಂಟ್ ಬಂದ್ಮೇಲೆ ನಾಯ್ ಮನೇಲಿ ಕನ್ನಡಿ ಇದೆಯಲ್ಲ. ಅಲ್ಲ, ಶನಿವಾರ ನನ್ನ ಗಾಡಿಗೇ ಬಾಡಿಗೆ ಕೊಡೋಕೆ ಲೆತಿಂಗ್‌ಗೆ ಹೇಳ್ತೀಯಾ? ನಾನು ಇಷ್ಟೆಲ್ಲ…"

ಫಿನಾ ಎಡಗೈಯಲ್ಲಿ ಅಂಚನ್ನು ಎತ್ತಿ ಹಿಡಿದಳು. ಗಲ್ಲ ಮೇಲಾಯಿತು. ಕಾಲು ನೋಡಿಕೊಳ್ಳದೆ, ಎದುರಿಗೆ ನೋಡುತ್ತ, ಚೌಕಕ್ಕೆ ಹೆಜ್ಜೆಯಿಟ್ಟಳು.

"ಎಲ್ಲಿಗೆ? ಅದು ಗಿರವಿ ಅಂಗಡಿ ಕಣೇ, ಅಲ್ಲೇನು ಅಡ ಇಡ್ತೀಯ? ನಾಯ್, ನೀವಾದ್ರೂ ಹೇಳಿ! ಏ, ನಿನ್ನ ಹತ್ರಾನೇ ಮಾತಾಡ್ತಿರೋದು ನಾನು, ಕೇಳಿಸ್ತಿದೆಯಾ…"